ಹಾಲು ಚೆಲ್ಲಿದ ಕೈ

ಸುಟ್ಟಗಾಯದ ವಾರ್ಡಿನಲ್ಲಿ ಡ್ರೆಸ್ಸಿಂಗ್ ಮಾಡುವವಳಿಗೆ ಹನ್ನೊಂದು ವರ್ಷದಿಂದ ಇದ್ದದ್ದು ಒಂದೇ ಆಸೆ: ಗಡಿಯಾರ ಮೇಸ್ತ್ರಿ ಒಮ್ಮೆ ಕೈಗೆ ಸಿಗಬೇಕು. ಆ ಬೆಳಿಗ್ಗೆ ಸಿಕ್ಕಿದ. ಅದೂ ತಾನಾಗಿಯೇ ಕೈ ಚಾಚಿಕೊಂಡು ಬಂದ.

ಹಿಂದೆ ಕೆಲಸಕ್ಕಿದ್ದ ಲಾಂಡ್ರಿಯಲ್ಲಿ ಅವನಿಗೆ ಆ ಹೆಸರಿಟ್ಟವಳು ಇವಳೇ. ‘ಟೈಮಾಯ್ತು, ಟೈಮಾಯ್ತು’ ಅನ್ನುವುದು ಬಿಟ್ಟರೆ ಆ ಬಾಯಲ್ಲಿ ಬೇರೆ ಮಾತಿರಲಿಲ್ಲ. ಚಾದರಗಳನ್ನು ಇಸ್ತ್ರಿ ಮಾಡುವ ಬಿಸಿ ಉರುಳೆಯ ಮುಂದೆ ಒಂದು ಸರಳಿತ್ತು; ಕೈ ತಗುಲಿದರೆ ಯಂತ್ರ ನಿಲ್ಲುತ್ತಿತ್ತು. ಹೀಗೆ ಗಳಿಗೆಗೊಮ್ಮೆ ನಿಂತರೆ ಕೆಲಸ ಸಾಗುವುದು ಯಾವಾಗ ಎಂದು ಮೇಸ್ತ್ರಿ ಆ ಸರಳನ್ನು ತಂತಿಯಿಂದ ಮೇಲಕ್ಕೆ ಕಟ್ಟಿಬಿಟ್ಟ. ಮೂರೇ ವಾರಕ್ಕೆ ಇವಳ ಎಡಗೈ ಚಾದರದ ಜೊತೆ ಒಳಗೆ ಹೋಯಿತು.

ಕೈಯನ್ನು ನಲ್ಲಿಯ ಕೆಳಗೆ ಹಿಡಿಯಲೂ ಅವನು ಬಿಡಲಿಲ್ಲ. ಟೂತ್‌ಪೇಸ್ಟ್ ಮೆತ್ತಿ, ನಾಲ್ಕೂ ಬೆರಳನ್ನು ಒಟ್ಟಿಗೆ ಬಟ್ಟೆಯಲ್ಲಿ ಸುತ್ತಿದ. ಕಾರ್ಖಾನೆ ತಪಾಸಣೆಯವರು ಬಂದು ಹೋಗುವ ತನಕ ಆಸ್ಪತ್ರೆ ಕಡೆ ತಲೆ ಹಾಕಬೇಡ, ಯಾರಾದರೂ ಕೇಳಿದರೆ ಮನೆಯಲ್ಲಿ ಹಾಲು ಚೆಲ್ಲಿತು ಅನ್ನು ಎಂದ. ಕೆಲಸ ಹೋದೀತೆಂಬ ಹೆದರಿಕೆಗೆ ಅವಳು ಒಂಬತ್ತು ದಿನ ಬಾಯಿಗೆ ಬೀಗ ಹಾಕಿಕೊಂಡಳು. ಬಟ್ಟೆ ಬಿಚ್ಚಿದಾಗ ಬೆರಳುಗಳು ಒಂದಕ್ಕೊಂದು ಅಂಟಿದ್ದವು. ಕೆಲಸವೂ ಹೋಯಿತು. ಆಸ್ಪತ್ರೆಯಲ್ಲಿ ಕತ್ತರಿಸಿ ಬಿಡಿಸಿದರೂ ಬೆರಳುಗಳು ಸರಿಯಾಗಿ ಮಡಚಲಿಲ್ಲ; ಆ ಕೈಯಲ್ಲೇ ಅವಳು ಮುಂದೆ ವಾರ್ಡಿನ ಕೆಲಸ ಕಲಿತಳು. ಮಗಳು ತನ್ನ ಜಡೆ ತಾನೇ ಹೆಣೆದುಕೊಳ್ಳುವುದನ್ನು ಐದನೇ ವಯಸ್ಸಿಗೇ ಕಲಿತಳು.

ಈಗ ಅವನ ಬಲಗೈ ಅವಳ ಮುಂದಿತ್ತು, ಮೇಲೆ ಅದೇ ಟೂತ್‌ಪೇಸ್ಟ್. ಪುಣ್ಯಾತ್ಮ ಕಲಿತ ವಿದ್ಯೆಯನ್ನು ಮರೆತಿರಲಿಲ್ಲ. ಅವಳ ಮುಖಕ್ಕೆ ಮಾಸ್ಕ್ ಇದ್ದುದರಿಂದ ಗುರುತು ಸಿಗದೆ ‘ಅಕ್ಕಾ, ಮೆಲ್ಲಗೆ’ ಎಂದು ಗೋಗರೆದ. ನೋವಿನ ಇಂಜೆಕ್ಷನ್ ಹತ್ತುವ ಮೊದಲೇ ಉಜ್ಜಿ ತೊಳೆಯಬೇಕೆಂದು ಅವಳ ಜೀವ ತಹತಹಿಸಿತು. ಹಲ್ಲು ಕಚ್ಚಿ ಕಾದಳು. ಆಮೇಲೆ ತೊಳೆದಳು. ಪೇಸ್ಟ್ ಹೋದ ಮೇಲೆ ಗಾಯ ಕಂಡಿತು.

ಹೇಗಾಯಿತೆಂದು ಡಾಕ್ಟರ್ ಕೇಳಿದರು. ಮನೆಯಲ್ಲಿ ಹಾಲು ಚೆಲ್ಲಿತು ಎಂದ. ಡಾಕ್ಟರ್ ಬರೆಯಲು ಪೆನ್ನು ಎತ್ತಿದಾಗ ಅವಳು ತನ್ನ ಎಡಗೈಯ ಗ್ಲೌಸು ಕಳಚಿ ಅವನ ಬಲಗೈಯ ಪಕ್ಕದಲ್ಲಿಟ್ಟಳು. ಗೆಣ್ಣುಗಳ ಹಿಂದೆ, ಸ್ಕೇಲು ಇಟ್ಟು ಎಳೆದಂಥ ಗೆರೆ ಎರಡು ಕೈಗಳ ಮೇಲೂ ಒಂದೇ ಸಮ ಹಾದುಹೋಗಿತ್ತು.

“ಹಾಲು ಬಿದ್ರೆ ಹರಿಯುತ್ತೆ ಡಾಕ್ಟ್ರೇ, ಗೆರೆ ಎಳೆಯಲ್ಲ. ಇದು ಲಾಂಡ್ರಿಯ ಇಸ್ತ್ರಿ ಉರುಳೆ. ಯಂತ್ರ ನಿಲ್ಲಬಾರ್ದು ಅಂತ ಇವ್ನು ಸರಳಿಗೆ ಕಟ್ಟಿದ ತಂತಿ ಇನ್ನೂ ಹಾಗೇ ಇರ್ಬೇಕು.”

ಮೇಸ್ತ್ರಿಯ ಮುಖ ಹುಳ್ಳಗಾಯಿತು. ಅವಳಿಗೆ ಹಾಲು ಕುಡಿದಷ್ಟು ಸಂತೋಷವಾಯಿತು, ಮುಚ್ಚಿಡುವುದೇನು! ಡಾಕ್ಟರ್ ಇದ್ದದ್ದನ್ನು ಇದ್ದ ಹಾಗೆ ಬರೆದು, ಕಾರ್ಖಾನೆ ತಪಾಸಣೆಯವರಿಗೆ ತಿಳಿಸುವುದಾಗಿ ಹೇಳಿ ಹೋದರು.

ಇಬ್ಬರೇ ಉಳಿದರು. ಅವಳು ಗಾಜ್ ಬಟ್ಟೆ ತೆಗೆದು ಅವನ ನಾಲ್ಕೂ ಬೆರಳನ್ನು ಒಟ್ಟಿಗೆ ಸೇರಿಸಿ ಒಂದು ಸುತ್ತು ಸುತ್ತಿದಳು. ಇನ್ನು ನಾಲ್ಕು ಸುತ್ತು ಸಾಕಿತ್ತು. ಅಂಟಿಕೊಂಡರೆ ಗಾಯವೇ ಹಾಗಿತ್ತು ಅನ್ನುತ್ತಾರೆ, ಕೇಳುವವರು ಯಾರು? ಅವನು ಆ ಬಟ್ಟೆಯನ್ನೂ ಅವಳ ಬೆರಳುಗಳನ್ನೂ ನೋಡಿದ. ಅವನಿಗೆ ಅರ್ಥವಾಯಿತು. ಕೈ ಹಿಂದಕ್ಕೆಳೆಯುವ ಧೈರ್ಯವಾಗಲಿಲ್ಲ.

ಅವಳು ಎಷ್ಟೋ ಹೊತ್ತು ಹಾಗೇ ಹಿಡಿದಿದ್ದಳು. ಆಮೇಲೆ ಬಟ್ಟೆ ಬಿಚ್ಚಿ, ಪ್ರತಿ ಬೆರಳಿಗೂ ಬೇರೆ ಬೇರೆಯಾಗಿ ಸುತ್ತತೊಡಗಿದಳು.

“ಪಾಪ ಅಂತಲ್ಲ,” ಅಂದಳು. “ಈ ಕೈಯಲ್ಲಿ ನೀನು ಸಹಿ ಹಾಕ್ಬೇಕು.”

ಮೂರು ವಾರ ದಿನವೂ ಆ ಬೆರಳುಗಳನ್ನು ಒಂದೊಂದಾಗಿ ಬಗ್ಗಿಸಿದಳು, ಬಿಡಿಸಿದಳು. ಅವನು ಅತ್ತರೆ ಎಣಿಕೆಯನ್ನು ಮೊದಲಿನಿಂದ ಶುರು ಮಾಡಿಸುತ್ತಿದ್ದಳು. ಬೆರಳುಗಳು ಚೆನ್ನಾಗಿಯೇ ಮಡಚತೊಡಗಿದವು.

ತಪಾಸಣೆಯವರು ಅವನ ಹೇಳಿಕೆಯನ್ನು ಬರೆದು ಸಹಿಗೆ ತಂದರು. ಅದರಲ್ಲಿ ಅವನ ಕೈಯಿತ್ತು, ತಂತಿಯಿತ್ತು, ಅವಳ ಒಂಬತ್ತು ದಿನಗಳಿದ್ದವು. ಮೇಸ್ತ್ರಿ ಓದಿದ, ಮತ್ತೆ ಓದಿದ, ಗೋಡೆ ನೋಡಿದ. ಅವಳು ಅವನ ಬೆರಳುಗಳ ನಡುವೆ ಪೆನ್ನಿಟ್ಟಳು.

“ಟೈಮಾಯ್ತು, ಮೇಸ್ತ್ರಿ.”