ವರ್ಷಕ್ಕೊಂದು ಬೆರಳಷ್ಟು

ಒಂದೇ ಕಾಲಿಗೆ ಕಾಲುಚೀಲ ಹಾಕಿಕೊಂಡು ಮೊಮ್ಮಗಳು ಮಂಚದ ಅಂಚಿನಲ್ಲಿ ಕೂತಿದ್ದಳು, ಇನ್ನೊಂದು ಅವಳ ಕೈಯಲ್ಲಿ ಮುದುರಿಹೋಗಿತ್ತು, ಫೋನು ಹಾಸಿಗೆಯ ಮೇಲೆ ಬೋರಲಾಗಿ ಬಿದ್ದಿತ್ತು — ಅಜ್ಜೀ, ಟೈಲರಮ್ಮ ಹೋಗ್ಬಿಟ್ರಂತೆ, ಬೆಳಗಿನ ಜಾವ, ನಿದ್ದೇಲೇ — ಆಗ ಅಜ್ಜಿಗೆ ಮೊದಲು ಬಂದದ್ದು ಅಳುವಲ್ಲ, ದೇವರ ಹೆಸರೂ ಅಲ್ಲ, ಈ ಫೋನು ಇವಳಿಗೇಕೆ ಬಂತು, ನನಗೇಕೆ ಬರಲಿಲ್ಲ ಎಂಬ ಮಾತು. ಕಥಾಮೇಳ ಕಟ್ಟಿದವಳು ತಾನು, ಶಾಲೆಯಿಂದ ನಿವೃತ್ತಳಾದ ಮರುವರ್ಷವೇ ಮುದುಕರನ್ನೂ ಕಾಲೇಜು ಹುಡುಗರನ್ನೂ ಒಂದೇ ಜಮಖಾನದ ಮೇಲೆ ಕೂರಿಸಿದವಳು ತಾನು, ಯಾರಿಗೆ ಮಂಡಿ ಊದಿದರೂ ಮೊದಲು ಗೊತ್ತಾಗಬೇಕಾದದ್ದು ತನಗೆ, ಆದರೆ ಟೈಲರಮ್ಮನ ಮಗ ಹುಡುಕಿ ಹುಡುಕಿ ಒತ್ತಿದ್ದು ಈ ಹುಡುಗಿಯ ನಂಬರು — ಛೆ, ಇನ್ನೂ ಮೈ ತಣ್ಣಗಾಗಿಲ್ಲ, ಏನು ಯೋಚನೆ ಇದು, ದೇವರೇ, ಕ್ಷಮಿಸು. ಕೈ ಮುಗಿದಳು, ಮುಗಿದ ಕೈಯ ಒಳಗೇ ಇನ್ನೊಂದು ಯೋಚನೆ ನುಸುಳಿತು, ಇನ್ನಾದರೂ ಇವಳು ನನ್ನ ಕಥೆ ಕೇಳಬಹುದು. ಅದನ್ನು ಕಂಡು ಅಜ್ಜಿಗೆ ತನ್ನ ಮೇಲೇ ಹೇಸಿಗೆಯಾಯಿತು. ಆ ಯೋಚನೆ ಮಾತ್ರ ಹೋಗಲಿಲ್ಲ.

ಮೇಳದ ನಿಯಮ ಅವಳೇ ಮಾಡಿದ್ದು, ಹಿರಿಯರು ಒಬ್ಬೊಬ್ಬರೂ ತಮ್ಮ ಬಾಳಿನ ಒಂದು ಕಥೆಯನ್ನು ಕಿರಿಯರೊಬ್ಬರಿಗೆ ಕೊಡಬೇಕು, ಕೊಟ್ಟ ಮೇಲೆ ವೇದಿಕೆಯಲ್ಲಿ ಅದನ್ನು ಹೇಳುವ ಹಕ್ಕು ಕಿರಿಯರದ್ದು, ಆದರೆ ಕಿರಿಯರು ಬಾಯಿಬಿಟ್ಟು ಕೇಳಬೇಕು, ಹಿರಿಯರು ತಾವಾಗಿ ಮುಂದೆ ಚಾಚುವಂತಿಲ್ಲ — ಎಷ್ಟು ಅಂದವಾಗಿ ಕಂಡಿತ್ತು ಆಗ, ತನ್ನ ಕಾಲಿಗೆ ತಾನೇ ಕಟ್ಟಿಕೊಂಡ ಹಗ್ಗವೆಂದು ತಿಳಿದಿರಲಿಲ್ಲ. ಮೊಮ್ಮಗಳು ಮೇಳಕ್ಕೆ ಸೇರಿದ ದಿನ ಅಜ್ಜಿ ಹೊಸ ಸೀರೆ ಉಟ್ಟಿದ್ದಳು, ಎದುರಿನ ಕುರ್ಚಿ ಖಾಲಿ ಇಟ್ಟಿದ್ದಳು, ಹುಡುಗಿ ಸೀದಾ ಮೂಲೆಗೆ ಹೋಗಿ ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ವೇದಿಕೆಯ ಪರದೆ ಸರಿಮಾಡುತ್ತಿದ್ದ ಟೈಲರಮ್ಮನ ಮುಂದೆ ಮಂಡಿಯೂರಿ, ನಿಮ್ಮ ಕಥೆ ನನಗೆ ಕೊಡ್ತೀರಾ ಎಂದಳು. ನಿವೃತ್ತ ಪೋಸ್ಟ್‌ಮ್ಯಾನು ಎಲ್ಲವನ್ನೂ ನೋಡುವ ಮನುಷ್ಯ, ಅದನ್ನೂ ನೋಡಿದ, ಏನ್ ಟೀಚರಮ್ಮ, ನಿಮ್ಮ ಕಥೆ ಯಾರೂ ಕೇಳ್ಲಿಲ್ವಾ, ನಾನು ಕೇಳ್ಲಾ, ಎಪ್ಪತ್ತೆರಡಾದ್ರೂ ನಾನಿನ್ನೂ ಕಿರಿಯೋನೇ ರೀ — ಎಲ್ಲರೂ ನಕ್ಕರು, ಅವಳೂ ನಕ್ಕಳು, ಹೊಟ್ಟೆಯಲ್ಲಿ ಕೆಂಡ ಇಟ್ಟುಕೊಂಡು ನಗುವುದು ಅಷ್ಟೇನೂ ಕಷ್ಟವಲ್ಲ, ಮೂವತ್ತು ವರ್ಷ ಇನ್ಸ್‌ಪೆಕ್ಟರುಗಳ ಮುಂದೆ ನಕ್ಕಿದ್ದಾಳೆ. ಅಂದಿನಿಂದ ಮನೆಯಲ್ಲಿ ಊಟದ ಹೊತ್ತಿಗೂ ಅದೇ, ಟೈಲರಮ್ಮ ಹೀಗಂದ್ರು, ಟೈಲರಮ್ಮ ಹಾಗಂದ್ರು, ಅಜ್ಜಿ ನೀನ್ಯಾಕೆ ಅವರ ಥರ ನಿಧಾನವಾಗಿ ಮಾತಾಡಲ್ಲ.

ಈಗ ಇಬ್ಬರೂ ಸಭಾಂಗಣಕ್ಕೆ ನಡೆಯುತ್ತಿದ್ದರು. ಬುಧವಾರ, ಅಭ್ಯಾಸದ ದಿನ, ಮೇಳದವರನ್ನು ಕರೆದುಕೊಂಡು ಎಲ್ಲರೂ ಸೇರಿ ಮಣ್ಣಿಗೆ ಹೋಗುವುದೆಂದು ಮಾತಾಗಿತ್ತು. ಹುಡುಗಿಯ ಕೈ ಹಿಡಿಯಬೇಕೆನಿಸಿತು, ಹಿಡಿಯಲಿಲ್ಲ, ಈ ಅಳು ಯಾರಿಗಾಗಿ, ನಾನು ಹೋದರೂ ಇವಳು ಹೀಗೆ ಮೂಗು ಒರೆಸಿಕೊಳ್ಳುತ್ತಾಳೆಯೇ. ಒಳಗೆ ಎಲ್ಲರೂ ಆಗಲೇ ಕೂತಿದ್ದರು, ಪೋಸ್ಟ್‌ಮ್ಯಾನಿನ ಬಾಯಲ್ಲಿ ಇಂದು ಹಾಸ್ಯವಿರಲಿಲ್ಲ, ಅವನೇ ಹೇಳಿದ, ಭಾನುವಾರದ ಪ್ರಯೋಗ ನಿಲ್ಲಿಸೋದು ಬೇಡ, ಆಕೆ ಕಥೆನ ಮಗು ಹೇಳ್ಬಿಡ್ಲಿ. ಹೇಗೆ ಹೇಳ್ಲಿ ತಾತ, ಮೊಮ್ಮಗಳೆಂದಳು, ನಂಗೆ ಕೊನೆ ಗೊತ್ತಿಲ್ಲ, ಅವರ ಮಗನನ್ನ ಕೇಳ್ದೆ, ಕಥೇಲಿ ಬರೋ ಆ ಕೋಟು ಇತ್ತು ಅಂತಾನೇ ಅವರಿಗೆ ಗೊತ್ತಿಲ್ಲ, ಹೋದ ವಾರ ಏಳು ನಿಮಿಷ ಆಗೋಯ್ತಲ್ಲ, ಪಾಪ ಅವರು ನಿಧಾನ, ಉಳಿದಿದ್ದು ಇವತ್ತು ಹೇಳೋರಿದ್ರು.

ಏಳು ನಿಮಿಷ. ಅದೂ ನಿಯಮವೇ, ಹಿರಿಯರು ಕಥೆಯನ್ನು ಮೊದಲ ಸಲ ಎಲ್ಲರೆದುರೇ ಹೇಳಬೇಕು, ಏಳು ನಿಮಿಷವಾದರೆ ಟೀಚರಮ್ಮ ಕೈಗಂಟೆ ಬಾರಿಸುತ್ತಾಳೆ, ಗಂಟೆಯಾದ ಮೇಲೆ ಒಂದಕ್ಷರವೂ ಇಲ್ಲ. ಹೋದ ಬುಧವಾರ ಟೈಲರಮ್ಮ ಎದ್ದು ನಿಂತು ಹೇಳಿದ್ದಳು, ಒಬ್ಬ ಹೆಂಗಸು ಐದು ವರ್ಷದ ಮಗನಿಗೆ ಕೋಟು ಹೊಲಿಯಲು ಬಟ್ಟೆ ಕೊಟ್ಟು ಹೋದವಳು ತಿರುಗಿ ಬರಲಿಲ್ಲ, ಮಗು ಬೆಳೀತಿರುತ್ತಲ್ಲ ಟೀಚರಮ್ಮ, ಅದಕ್ಕೇ ಪ್ರತಿ ವರ್ಷ ಹೊಲಿಗೆ ಬಿಚ್ಚಿ ಒಂದೊಂದು ಬೆರಳಷ್ಟು ದೊಡ್ಡದು ಮಾಡ್ತಿದ್ದೆ, ಒಳಗೆ ಮಡಿಸಿದ್ದ ಬಟ್ಟೆ ಮುಗಿದಾಗ ಬೇರೆ ಬಟ್ಟೆ ಸೇರಿಸಿದೆ, ಒಂದು ದಿನ ಬಾಗಿಲು ತಟ್ಟಿದ ಸದ್ದು, ತೆಗೆದೆ, ನಿಂತಿದ್ದ, ಎಷ್ಟೆತ್ತರ ಅಂತೀರಿ — ಎನ್ನುತ್ತ ಅಂಗೈ ಕೆಳಗೆ ಮಾಡಿ ಕೈಯನ್ನು ಮೇಲೆತ್ತುತ್ತಿದ್ದಳು, ಮೊಣಕಾಲು, ಸೊಂಟ, ಆಗ ಅಜ್ಜಿ ಕಂಡದ್ದು ಮೊಮ್ಮಗಳ ಮುಖವನ್ನು, ಅರೆತೆರೆದ ಬಾಯಿ, ನಾಲ್ಕು ವರ್ಷದವಳಿದ್ದಾಗ ಇದೇ ಬಾಯಿ ಹೀಗೇ ತೆರೆದಿರುತ್ತಿತ್ತು, ಅಜ್ಜಿಯ ತೊಡೆಯ ಮೇಲೆ, ಅಜ್ಜಿಯ ಕಥೆಗೆ — ಗಂಟೆ ಬಾರಿಸಿಬಿಟ್ಟಳು. ಟೈಲರಮ್ಮನ ಕೈ ಅಲ್ಲೇ ನಿಂತಿತು. ಗಾಳಿಯಲ್ಲಿ. ಆಮೇಲೆ ನಕ್ಕು, ಆಯ್ತು ಬಿಡಿ, ಬರೋ ವಾರ, ಎಂದು ಕೂತಳು.

ಸುಮ್ಮನಿರಬಹುದಿತ್ತು. ನಿಧಾನವಾಗಿ ಹೇಳಿದ ತಪ್ಪು ಸತ್ತವಳದ್ದೆಂದೇ ಉಳಿಯುತ್ತಿತ್ತು, ಗಡಿಯಾರ ಇದ್ದದ್ದು ಟೀಚರಮ್ಮನ ಮಣಿಕಟ್ಟಿನಲ್ಲಿ ಮಾತ್ರ, ಮೊಮ್ಮಗಳು ಈಗ ಅವಳ ಪಕ್ಕದಲ್ಲೇ ಕೂತಿದ್ದಳು, ಭುಜಕ್ಕೆ ತಲೆ ತಾಗುವಷ್ಟು ಹತ್ತಿರ, ಎಷ್ಟು ವರ್ಷವಾಗಿತ್ತು ಹಾಗೆ ಕೂತು. ಏಳಾಗಿರ್ಲಿಲ್ಲ ಮಗಾ, ಐದೇ ಆಗಿತ್ತು, ಬೇಕೂಂತ್ಲೇ ಬಾರಿಸ್ದೆ, ಎಂದುಬಿಟ್ಟಳು. ಯಾಕಜ್ಜಿ, ಎಂದಳು ಹುಡುಗಿ, ಸಿಟ್ಟಿನಿಂದಲ್ಲ, ನಿಜಕ್ಕೂ ತಿಳಿಯದೆ. ಹೊಟ್ಟೆಕಿಚ್ಚು, ಎಂದಳು ಅಜ್ಜಿ, ನೀನು ಅವಳ್ನ ನೋಡ್ತಿದ್ಯಲ್ಲ, ಅದಕ್ಕೆ. ಭುಜದ ಹತ್ತಿರವಿದ್ದ ತಲೆ ಮೆಲ್ಲಗೆ ದೂರವಾಯಿತು, ಹುಡುಗಿ ಎದ್ದು ಹೋಗಿ ಟೈಲರಮ್ಮ ನಿಲ್ಲುತ್ತಿದ್ದ ಜಾಗದಲ್ಲಿ ನಿಂತಳು, ಅಂಗೈ ಕೆಳಗೆ ಮಾಡಿದಳು, ಇಷ್ಟಾ, ಇಷ್ಟಾ, ತನ್ನಷ್ಟಕ್ಕೆ ಕೇಳಿಕೊಂಡಳು, ಸೊಂಟದ ಬಳಿ, ಎದೆಯ ಬಳಿ, ತಿರುಗಿ ಅಜ್ಜಿಯತ್ತ ನೋಡಲಿಲ್ಲ. ಅಜ್ಜಿ ಕಣ್ಣು ಮುಚ್ಚಿದಳು. ದೇವರೇ, ಆ ತಾಯಿಗೆ ಶಾಂತಿ ಕೊಡು, ನಿನ್ನೆದುರು ಅವಳು ನಿಧಾನವಾಗಿ ಹೇಳಲಿ, ಪೂರ್ತಿ ಹೇಳಲಿ, ನೀನು ಕೇಳಿರುತ್ತೀ ಇಷ್ಟು ಹೊತ್ತಿಗೆ, ಬಾಗಿಲಲ್ಲಿ ನಿಂತವನು ಎಷ್ಟೆತ್ತರವೆಂದು ನಿನಗೆ ಗೊತ್ತು, ನಿನ್ನ ಮೇಲೂ ನನಗೆ ಹೊಟ್ಟೆಕಿಚ್ಚೇ, ಅದನ್ನೂ ಕ್ಷಮಿಸು, ನನ್ನದಿರಲಿ, ಅವಳಿಗೆ ಶಾಂತಿ ಕೊಡು, ಆ ಕೈ, ಸೊಂಟ ದಾಟಿ ಇನ್ನೂ ಏಳುತ್ತಿದ್ದ ಆ ಕೈ, ಆ ಕೈಗೆ ಶಾಂತಿ ಕೊಡು, ಆ ಕೈಗೆ —