ದಿವಾನನ ಅಳತೆ

ಹೊಲಿಗೆ ಅಂಗಡಿಯಲ್ಲಿ ಅಪ್ಪ ಟೇಪು ಹಿಡಿದು ಅಳತೆ ಕೂಗುವುದು, ಮಗಳು ಪುಸ್ತಕದಲ್ಲಿ ಬರೆದುಕೊಳ್ಳುವುದು. ಅವಳ ಡಿಗ್ರಿ ಮುಗಿದಾಗಿನಿಂದ ಇದೇ ಪದ್ಧತಿ. ಬಾಯಿ ಬಿಡಬೇಕಿಲ್ಲದ ಕೆಲಸ, ಅವಳಿಗೂ ಅದೇ ಹಿತ. ಹಾಗಾಗಿ ಪುಸ್ತಕದ ಕೊನೆಯ ಹಾಳೆಯಲ್ಲಿ ಅಪ್ಪನದೇ ಸೊಟ್ಟ ಅಕ್ಷರ ಕಂಡಾಗ ಸೋಜಿಗವಾಯಿತು.

'ದಿವಾನ. ಎಡ ಪಕ್ಕೆಯ ಗಂಟು.' ಕೆಳಗೆ ನಾಲ್ಕು ಭಾನುವಾರಗಳ ತಾರೀಖು. ನಾಲ್ಕರ ಮುಂದೆಯೂ ಅರ್ಧ ಇಂಚು.

ದಿವಾನ ಅಂದರೆ ಮೇಜಿನ ಕೆಳಗೆ, ಚಿಂದಿ ಬಟ್ಟೆಯ ಗುಡ್ಡೆ ಮೇಲೆ ಹನ್ನೆರಡು ವರ್ಷದಿಂದ ದರ್ಬಾರು ನಡೆಸುತ್ತಿರುವ ನಾಯಿ. ಗಿರಾಕಿ ಬಂದರೆ ಈಗೀಗ ಏಳುವುದಿಲ್ಲ, ಒಂದು ಕಿವಿ ಎತ್ತಿ ಹಾಜರಿ ಹಾಕಿಕೊಳ್ಳುತ್ತದೆ.

ಅಪ್ಪ ಗುಂಡಿ ತರಲು ಹೋದಾಗ ಅವಳು ಟೇಪು ಹಿಡಿದು ಮೇಜಿನಡಿ ನುಸುಳಿದಳು. ಕೂದಲು ಸರಿಸಿದಳು. ಗೋಲಿಯಂಥ ಗಟ್ಟಿ ಗಂಟು, ಅತ್ತಿತ್ತ ಜಾರದೆ ಕಚ್ಚಿಕೊಂಡಿತ್ತು. ಮುಕ್ಕಾಲು ಇಂಚಿಗೂ ಒಂದು ಗೆರೆ ಹೆಚ್ಚು. ಎದೆಯ ಹತ್ತಿರ ಇನ್ನೊಂದು, ಮೆತ್ತಗೆ ಬೆರಳಡಿ ಜಾರುವಂಥದು. ದಿವಾನ ಅವಳ ಮೊಣಕೈ ನೆಕ್ಕಿತು.

ಗಿರಾಕಿಯ ಹೊಟ್ಟೆ ಕಾಲಿಂಚು ಬೆಳೆದರೂ ಮುಖಕ್ಕೆ ಹೊಡೆದಂತೆ ಹೇಳುವ ಮನುಷ್ಯ ಅಪ್ಪ. ಸುಳ್ಳು ಅಳತೆ ಬರೆದವರೇ ಅಲ್ಲ. ಗಂಟಿಗಿಂತ ಆ ಅರ್ಧ ಇಂಚೇ ಅವಳನ್ನು ಹೆಚ್ಚು ಹೆದರಿಸಿತು.

ಅಪ್ಪ ಬಂದು ಒಂದು ತೋಳು ಹೊಲಿದು ಮುಗಿಸುವವರೆಗೂ ಅವಳು ತಂದ ಗುಂಡಿಗಳನ್ನು ಎಣಿಸುತ್ತ ಕೂತಳು.

"ಅಪ್ಪಾ, ದಿವಾನನ ಅಳತೆ ತಪ್ಪಾಗಿದೆ."

"ನನ್ನ ಅಳತೆನಾ? ತಪ್ಪಾ?"

"ಮುಕ್ಕಾಲು ದಾಟಿದೆ."

ಅಪ್ಪ ಮೆಷಿನ್ನಿನ ಚಕ್ರ ಹಿಡಿದು ನಿಲ್ಲಿಸಿದರು. "ವಯಸ್ಸಾದ್ಮೇಲೆ ಗಂಟು ಬರೋದೇ ಕಣೆ. ನನ್ನ ಬೆನ್ನ ಮೇಲೂ ಒಂದಿದೆ, ನೋಡ್ತೀಯಾ?"

"ನಿಮ್ಮದು ಆಮೇಲೆ. ಇದನ್ನ ಡಾಕ್ಟರು ನೋಡಲಿ."

"ನೋಡಿ ಏನಂದುಬಿಡ್ತಾರೋ ಅಂತಲೇ..." ಅಪ್ಪ ತೋಳಿನ ದಾರ ಕಡಿದರು.

"ಬರೀದೇ ಇದ್ರೆ ಅದು ಬೆಳೆಯೋದು ಬಿಡತ್ತಾ?"

ಅಂದಮೇಲೆ ಅವಳಿಗೇ ಕೆನ್ನೆ ಬಿಸಿಯಾಯಿತು. ಅಪ್ಪ ದಿವಾನನನ್ನು ಎತ್ತಿಕೊಂಡು, "ಬಾಗಿಲು ಹಾಕು" ಅಂದರು.

ಪಶು ಆಸ್ಪತ್ರೆಯ ಡಾಕ್ಟರಮ್ಮ ಎರಡೂ ಗಂಟಿಗೆ ಸೂಜಿ ಚುಚ್ಚಿ ಪರೀಕ್ಷೆಗೆ ಚೂರು ತೆಗೆದರು. "ಯಾವಾಗ ಕಂಡಿದ್ದು? ಆಗ ಎಷ್ಟಿತ್ತು?"

"ತಿಂಗಳಾಯ್ತು. ಅರ್ಧ ಇಂಚು." ಅಪ್ಪ ನೆಲ ನೋಡಿದರು. "ಮರುವಾರವೇ ಬೆಳೆದಿತ್ತು. ನಾನೇ ಬರೀಲಿಲ್ಲ."

ವರದಿ ಬಂತು: ಮೆತ್ತಗಿನದು ಬರೀ ಕೊಬ್ಬು, ಅದರ ಪಾಡಿಗಿರಲಿ. ಗಟ್ಟಿಯದು ಕೆಟ್ಟದ್ದು, ತಡಮಾಡದೆ ತೆಗೆಯಬೇಕು ಅಂತಾಯಿತು. ತೆಗೆದರು. ಹತ್ತು ದಿನಕ್ಕೆ ಫೋನು ಬಂತು: ಗಂಟು ಪೂರ್ತಿ ಹೊರಬಂದಿದೆ, ಒಳಗೇನೂ ಉಳಿದಿಲ್ಲ, ಆದರೂ ತಿಂಗಳಿಗೊಮ್ಮೆ ಮೈಯೆಲ್ಲ ತಡವಿ ನೋಡಿ.

ಅಪ್ಪ ಕನ್ನಡಕ ಏರಿಸಿ ದಿವಾನನ ಪಕ್ಕೆ ನೋಡಿದರು. "ಹೊಲಿಗೆ ಸಮ ಇಲ್ಲ."

"ಬಿಚ್ಚಿ ಹೊಲೀತೀರಾ?"

ಅಪ್ಪ ನಕ್ಕರು. ಪುಸ್ತಕವನ್ನು ತಮ್ಮತ್ತ ಎಳೆದುಕೊಂಡು, ಟೇಪನ್ನು ಅವಳತ್ತ ಎಸೆದರು. "ನೀನು ಕೂಗು. ನಾನು ಬರೀತೀನಿ."

ಅವಳು ಕುತ್ತಿಗೆಯಿಂದ ಶುರುಮಾಡಿದಳು. "ಎದೆ ಹತ್ತಿರದ್ದು... ಒಂದೂಕಾಲು."

"ಕೇಳಿಸ್ಲಿಲ್ಲ."

"ಒಂದೂಕಾಲು!" ಬೀದಿಗೂ ಕೇಳಿಸಿತು.

ಅಪ್ಪ ಒಂದೂಕಾಲು ಎಂದೇ ಬರೆದರು.