ಮಾಯಮ್ಮನ ಮನೆಯ ಒಂದು ಬೊಗಸೆ

ಶುಕ್ರವಾರ ಮಧ್ಯಾಹ್ನ ಮೂರಕ್ಕೆ ಸೆಮಿನಾರು. ಕೀರ್ತನಳಿಗೆ ಬೆಳಗ್ಗೆಯಿಂದಲೇ ಕೂತಲ್ಲಿ ಕೂರಲಾಗುತ್ತಿಲ್ಲ. ಶ್ರೀರಂಗಪಟ್ಟಣದಿಂದ ಬಸ್ಸು ಹತ್ತಿ ಬಂದವಳು ಪ್ರೊಜೆಕ್ಟರನ್ನು ನಾಲ್ಕು ಸಲ ಪರೀಕ್ಷಿಸಿದಳು, ಟೀ ಹೇಳಲು ಕ್ಯಾಂಟೀನಿಗೆ ಎರಡು ಸಲ ಓಡಿದಳು. ವಿಶ್ವವಿದ್ಯಾಲಯದ ಮಾಲಿಕ್ಯುಲರ್ ಬಯಾಲಜಿ ವಿಭಾಗದಲ್ಲಿ ಒಂದು ಪದ್ಧತಿಯುಂಟು. ಹೊರಗಿನ ವಿಜ್ಞಾನಿ ಬಂದರೆ, ಅವರ ವಿಷಯಕ್ಕೆ ಯಾರ ಸಂಶೋಧನೆ ಹತ್ತಿರವೋ ಆ ವಿದ್ಯಾರ್ಥಿಯೇ ಉಪಚಾರ ನೋಡಿಕೊಳ್ಳಬೇಕು, ಮೊದಲ ಪ್ರಶ್ನೆಯನ್ನೂ ಕೇಳಬೇಕು. ಮೇಷ್ಟ್ರುಗಳು ಬಾಯಿ ತೆಗೆಯುವುದು ಆಮೇಲೆ.

ಇವತ್ತಿನ ಅತಿಥಿ ಬೆಂಗಳೂರಿನ ರಘುನಂದನ್. ವಿಷಯ, ರಾಗಿಗೆ ಬರುವ ಬೆಂಕಿರೋಗ. ನಾಗಮಂಗಲದಲ್ಲಿರುವ ತನ್ನ ಅಜ್ಜಿ ಮೂಗಮ್ಮನ ಹೊಲದ ರಾಗಿಗೆ ಆ ರೋಗ ತಾಕುವುದಿಲ್ಲ, ಅದಕ್ಕೆ ಕಾರಣವಾದ ಜೀನ್ ಇಂಥದ್ದು ಎಂದು ತೋರಿಸಲು ಕೀರ್ತನ ನಾಲ್ಕು ವರ್ಷ ಹಗಲಿರುಳು ದುಡಿದಿದ್ದಳು. ಮುಂದಿನ ತಿಂಗಳು ಥೀಸಿಸ್ ಒಪ್ಪಿಸಬೇಕು. ಅದೇ ಬೀಜವನ್ನು ರಘುನಂದನ್ ಅವರ ಪ್ರಯೋಗಾಲಯಕ್ಕೂ ಕಳಿಸಿದ್ದಳು.

ಎಡವಟ್ಟು ಗೊತ್ತಾದದ್ದು ನಿನ್ನೆ. ಅತಿಥಿಗೆ ಕೊಡಲು ಹೊಸ ಬೀಜ ತರೋಣವೆಂದು ನಾಗಮಂಗಲಕ್ಕೆ ಹೋದರೆ, ಅಜ್ಜಿ ಚೀಲಕ್ಕೆ ತನ್ನ ರಾಗಿ ಸುರಿದು, ಪಕ್ಕದ ಮಾಯಮ್ಮನ ಮನೆಯಿಂದ ತಂದ ಒಂದು ಬೊಗಸೆಯನ್ನೂ ಬೆರೆಸಿದಳು.

“ಇದ್ಯಾಕಜ್ಜಿ?”

“ಬಿತ್ನೆ ಒಂಟಿಯಾಗಿ ಕೊಡ್ಬಾರ್ದು ಕಣವ್ವ. ಒಂದಕ್ಕೊಂದು ಜೊತೆ ಬ್ಯಾಡ್ವಾ?”

“ನಾಕು ವರ್ಸದ ಕೆಳಗೆ ಕೊಟ್ಯಲ್ಲ, ಆವಾಗ?”

“ಆವಾಗ್ಲೂ ಅಂಗೇ ಕೊಟ್ಟಿದ್ದೆ. ನೀನು ಫೋನ್ ನೋಡ್ಕಂಡು ಕುಂತಿದ್ದೆ.”

ಕೀರ್ತನ ಚೀಲದೊಳಗೆ ಇಣುಕಿ ನೋಡಿದಳು. ಬೆರಕೆ ಬೀಜದ ಮೇಲೆ ಕಟ್ಟಿದ ಥೀಸಿಸ್! ಮಾಯಮ್ಮನ ರಾಗಿ ರೋಗ ತಡೆಯುವ ತಳಿಯಲ್ಲ. ಅವಳು ಬೆಳೆಸಿದ್ದರಲ್ಲೂ ಹತ್ತಾರು ಗಿಡ ರೋಗ ತಾಕಿ ಒಣಗಿದ್ದವು. ನೀರು ಹೆಚ್ಚಾಗಿರಬೇಕು ಎಂದುಕೊಂಡು ಲೆಕ್ಕದಿಂದ ಕೈಬಿಟ್ಟಿದ್ದಳು. ಸುಮ್ಮನಿದ್ದರಾಯಿತು, ಯಾರಿಗೆ ಗೊತ್ತಾಗುತ್ತದೆ ಎಂದು ವಾಪಸ್ಸು ಬರುವ ಬಸ್ಸು ಪಾಂಡವಪುರ ದಾಟುವಷ್ಟರಲ್ಲಿ ತೀರ್ಮಾನಿಸಿದ್ದಳು.

ತೀರ್ಮಾನವೇನೋ ಆಯಿತು, ನೆಮ್ಮದಿ ಬರಬೇಕಲ್ಲ. ಸೆಮಿನಾರಿನ ಮೊದಲ ಸಾಲಿನಲ್ಲಿ ಕೂತು ಒಂದೇ ಸಮ ಕಾಲು ಕುಣಿಸುತ್ತಿದ್ದಳು. ಕಾಲು ಕುಣಿಸಿದರೆ ಮನೆಗೆ ದರಿದ್ರ ಎನ್ನುವುದು ಅಜ್ಜಿಯ ಮಾತು. ಪಕ್ಕದಲ್ಲಿದ್ದ ಮಾರ್ಗದರ್ಶಕ ಅಶೋಕ್ ಮೇಷ್ಟ್ರೂ ಕಣ್ಣಲ್ಲೇ ಗದರಿದರು. ಕಾಲು ಕೇಳಲಿಲ್ಲ.

ಪರದೆಯ ಮೇಲೆ ಅವಳು ಕಳಿಸಿದ್ದ ಬೀಜದಿಂದ ಬೆಳೆದ ರಾಗಿ ಗಿಡಗಳ ಚಿತ್ರ ಬಂತು. “ನೂರರಲ್ಲಿ ಹದಿನೆಂಟಕ್ಕೆ ರೋಗ ಬಂತು,” ಎಂದರು ರಘುನಂದನ್. “ಬೀಜ ಬೆರೆತುಹೋಗಿತ್ತು. ನಮ್ಮ ವಿದ್ಯಾರ್ಥಿನಿ ತನುಶ್ರೀಯ ಬೇಜವಾಬ್ದಾರಿ. ನಾನಲ್ಲ ಅಂತ ಅತ್ತಳು. ಆದರೂ ಅವಳನ್ನ ಈ ಕೆಲಸದಿಂದ ತೆಗೆದಿದ್ದೇವೆ.”

ಹಿಂದೆ ಯಾರೋ ನಕ್ಕರು. ಕೀರ್ತನಳಿಗೆ ನಾಚಿಕೆಯಿಂದ ಮೈಯೆಲ್ಲ ಬಿಸಿಯಾಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಿದ್ದರು. ಆ ಹುಡುಗಿಯ ಮುಖವನ್ನೂ ಇವಳು ನೋಡಿದವಳಲ್ಲ.

“ಕೀರ್ತನ, ಮೊದಲ ಪ್ರಶ್ನೆ,” ಎಂದರು ಅಶೋಕ್.

ಎದ್ದು ನಿಂತಳು. “ಪ್ರಶ್ನೆ ಇಲ್ಲ ಸಾರ್. ತನುಶ್ರೀದು ತಪ್ಪಿಲ್ಲ. ನಾನು ಕಳ್ಸುವಾಗ್ಲೇ ಬೀಜ ಬೆರಕೆಯಾಗಿತ್ತು. ನಮ್ಮಜ್ಜಿ ಪಕ್ಕದ ಮನೇದು ಬೆರ್ಸಿ ಕೊಡ್ತಾರೆ, ಅದು ಅವ್ರ ಪದ್ಧತಿ. ನಾನು ಕೇಳೇ ಇರ್ಲಿಲ್ಲ. ನನ್ನ ಗಿಡಗಳೂ ಒಣಗಿದ್ವು. ಅದನ್ನ ಬರೀಲಿಲ್ಲ.”

“ನಿನ್ನ ಥೀಸಿಸ್?” ಅಶೋಕ್ ಮೇಷ್ಟ್ರ ದನಿ ಉಡುಗಿತ್ತು.

“ಮೊದ್ಲಿಂದ ಬಿತ್ಬೇಕು ಸಾರ್.”

ರಘುನಂದನ್ ಕನ್ನಡಕ ತೆಗೆದು ಒರೆಸಿದರು. ಆಮೇಲೆ ಎಲ್ಲರೆದುರೇ ಫೋನು ಮಾಡಿ, “ತನುಶ್ರೀ, ನನ್ನಿಂದ ತಪ್ಪಾಯ್ತಮ್ಮ,” ಎಂದರು. ಆ ಕಡೆಯ ಅಳು ಮೊದಲ ಸಾಲಿಗೂ ಕೇಳಿಸಿತು.

ಕೀರ್ತನ ಕೂತಳು. ಬರಬೇಕಾದ ದರಿದ್ರ ಬಂದಾಗಿತ್ತು. ಕಾಲು ಮಾತ್ರ ಕುಣಿಯುತ್ತಿರಲಿಲ್ಲ.